ಮೊದಲು ಹುಟ್ಟಿದವಳು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರು ಶಕುಂತಲಮ್ಮನ ಅಡಿಗೆಮನೆಯನ್ನು ನೋಡಿರಲಿಲ್ಲ. ಅಲ್ಲಿ ಆ ಆಷಾಢದಲ್ಲಿ ತಾಯಿಯೇ ಮಗಳ ತಟ್ಟೆಯಿಂದ ಉಪ್ಪು ಕಿತ್ತುಕೊಂಡಿದ್ದಳು.

"ಇದೇನಮ್ಮ, ಸಾರೋ ಕಲಗಚ್ಚೋ?" ಅಂಕಿತಾ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಸುಮ್ನೆ ತಿನ್ನು. ನಿನ್ನ ಒಳ್ಳೇದಕ್ಕೇ ಹೇಳ್ಯಾರೆ."

"ಯಾರು ಹೇಳ್ಯಾರೆ? ಯಾವ ಡಾಕ್ಟ್ರು ನನ್ನ ಕೈ ಹಿಡ್ದು ನೋಡ್ಯಾರೆ?"

"ಕಾಗದದಾಗೆ ಐತಲ್ಲ. ಕಿಡ್ನಿ ಅಂತ ಬರ್ದಾರೆ. ಉಪ್ಪು ಬಿಡ್ಬೇಕಂತೆ."

ಎದುರಿಗೆ ಕೂತಿದ್ದ ರಶ್ಮಿತಾ ಮಾವಿನಕಾಯಿ ಉಪ್ಪಿನಕಾಯಿಯ ಹೋಳನ್ನು ಬಾಯಿಗಿಡಲು ಹೋದವಳು, ಅಕ್ಕನ ಮುಖ ನೋಡಿ ತಟ್ಟೆಯ ಅಂಚಿನಲ್ಲಿಟ್ಟಳು. ಇಬ್ಬರೂ ಅವಳಿಗಳು. ಇಪ್ಪತ್ತೆರಡು ವರ್ಷದ, ಒಂದೇ ಅಚ್ಚಿನಲ್ಲಿ ತೆಗೆದಂಥ ಹುಡುಗಿಯರು. ಅಂಕಿತಾಳ ಹುಬ್ಬಿನ ಮೇಲಿನ ಗಾಯದ ಗುರುತು ಇಲ್ಲದಿದ್ದರೆ ಹೊರಗಿನವರಿಗೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ಇದನ್ನೆಲ್ಲ ರೊಟ್ಟಿ ಬಡಿಯುತ್ತ ನೋಡುತ್ತಿದ್ದವಳು ಸೊಸೆ ಐಶ್ವರ್ಯ. ಈ ಮನೆಗೆ ಬಂದು ಮೂರು ವರ್ಷ. ಗಂಡ ಬಕ್ಕೇಶ್ ತಂದೆ ಕೊಟ್ಟೂರಪ್ಪನವರ ಜತೆ ಚೌಕಿಪೇಟೆಯ ಪಾತ್ರೆ ಅಂಗಡಿಯಲ್ಲಿ ಕೂರುತ್ತಿದ್ದ. ಐಶ್ವರ್ಯಳದು ಮಾತ್ರ ಊರಿಗೇ ಹೊಸದಾದ ಕೆಲಸ. ಒಂದೇ ಹೊಟ್ಟೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರಿಗೆ ಬಂದ ಕಾಯಿಲೆ ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ ಎಂದು ವರ್ಷಗಟ್ಟಲೆ ನೋಡುವ ಸಂಶೋಧನೆಯೊಂದು ದಾವಣಗೆರೆಗೆ ಬಂದಿತ್ತು. ಜಿಲ್ಲೆಯ ಅವಳಿಗಳನ್ನೆಲ್ಲ ಹುಡುಕಿ ನೋಂದಾಯಿಸುವುದು ಅದರ ಮೊದಲ ಕೆಲಸ. ಐಶ್ವರ್ಯ ತೂಕದ ಯಂತ್ರ, ಬಿಪಿ ಯಂತ್ರ, ಎದೆಬಡಿತ ನೋಡುವ ಸಣ್ಣ ಇಸಿಜಿ ಯಂತ್ರ, ಮೂತ್ರದ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹರಿಹರ, ಕೊಂಡಜ್ಜಿ ಎಂದು ಮನೆಮನೆ ಸುತ್ತುತ್ತಿದ್ದಳು. ಜನ ಅವಳಿಗೆ ಅವಳಿ-ಜವಳಿ ಮೇಡಂ ಎಂದು ಹೆಸರಿಟ್ಟಿದ್ದರು. ಸ್ವಂತ ನಾದಿನಿಯರನ್ನೂ ಅವಳೇ ಹೆಮ್ಮೆಯಿಂದ ನೋಂದಾಯಿಸಿದ್ದಳು.

ಪರೀಕ್ಷೆಯಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ಕಚೇರಿಯಿಂದ ಮನೆಗೆ ಮುಚ್ಚಿದ ಲಕೋಟೆ ಹೋಗುತ್ತಿತ್ತು. ಮನೆಮನೆ ತಿರುಗುವವರಿಗೆ ಅದನ್ನು ತೋರಿಸುತ್ತಿರಲಿಲ್ಲ. ಗುಟ್ಟು ಹೊರಬೀಳಬಾರದೆಂದು ಪತ್ರದೊಳಗೆ ಕಾಯಿಲೆಯವರ ಹೆಸರನ್ನೂ ಹಾಕುತ್ತಿರಲಿಲ್ಲ. ಅಷ್ಟೆಲ್ಲ ಗುಟ್ಟು ಕಾಯುವವರು ಲಕೋಟೆಯ ಮೇಲೆ ಮಾತ್ರ ಮನೆಯ ಯಜಮಾನನ ಹೆಸರು ಬರೆದು ಕಳಿಸುತ್ತಿದ್ದರು. ಓಟು ಹಾಕುವ ವಯಸ್ಸಿನ ಹುಡುಗಿಯರ ಮೂತ್ರದ ಸಂಗತಿ ಹುಡುಗಿಯರಿಗಿಂತ ಮೊದಲು ಅಪ್ಪನಿಗೆ ತಿಳಿಯುತ್ತಿತ್ತು. ಕೊಟ್ಟೂರಪ್ಪ ಪತ್ರ ಓದಿ, ಹೆಂಡತಿಗೆ ಹೇಳಿ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದರು.

"ಅತ್ತೆ, ಉಪ್ಪಿನ ಮಾತು ಆಮೇಲೆ. ಮೊದ್ಲು ಆಕಿನ್ನ ಡಾಕ್ಟ್ರಿಗೆ ತೋರಸ್ರಿ," ಎಂದಳು ಐಶ್ವರ್ಯ.

"ಆಸ್ಪತ್ರೆ ಮೆಟ್ಲು ಹತ್ತಿದ್ರೆ ಸಂಜೆಯೊಳಗೆ ಹರಿಹರಕ್ಕೆ ಸುದ್ದಿ ಮುಟ್ಟತೈತೆ. ಶ್ರಾವಣದಾಗೆ ನಿಶ್ಚಿತಾರ್ಥ ಮುಗೀಲಿ, ಆಮೇಲೆ ಎಲ್ಲಾ ತೋರಸಣ."

ಹರಿಹರದ ಹಾರ್ಡ್‌ವೇರ್ ಅಂಗಡಿಯವರು ತಮ್ಮ ಮಗನಿಗೆ ಕೇಳಿದ್ದು ಅಂಕಿತಾಳನ್ನು. ದೊಡ್ಡವಳು, ಮೊದಲು ಅವಳದಾಗಲಿ ಎಂದು ಮಾತಾಗಿತ್ತು. ಪತ್ರ ಬಂದ ಮೂರನೆಯ ದಿನ ಶಕುಂತಲಮ್ಮ ಹೀರೇಕಾಯಿ ಹೆರೆಯುತ್ತ ಕೂತಲ್ಲೇ ತೀರ್ಮಾನ ಬದಲಿಸಿದ್ದಳು.

"ರಶ್ಮಿತಾನ್ನ ಕೊಡಣ. ಇಬ್ರದ್ದೂ ಒಂದೇ ಮುಖ, ಫೋಟೋ ಬದಲಾಯಿಸೋ ತಾಪತ್ರಯನೂ ಇಲ್ಲ."

ಬಕ್ಕೇಶ್ ಇದಕ್ಕೆ ನಕ್ಕಿದ್ದ. ಆ ನಗುವಿಗೆ ಐಶ್ವರ್ಯ ಎರಡು ದಿನ ಅವನೊಡನೆ ಮಾತು ಬಿಟ್ಟಳು.

ಅಲ್ಲಿಂದ ಮನೆಯ ಲೆಕ್ಕಾಚಾರವೇ ಬೇರೆಯಾಯಿತು. ಅಂಕಿತಾ ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳಲು ಹೋಗುತ್ತಿದ್ದಳು, ಅದನ್ನು ಬಿಡಿಸಿದರು. ಕೊಡ ಎತ್ತಬೇಡ, ಬಟ್ಟೆ ಒಗೆಯಬೇಡ, ಯಾರಾದರೂ ಬಂದರೆ ಹೊರಗೆ ಬರಬೇಡ. ಗಟ್ಟಿಮುಟ್ಟಾದ ಹುಡುಗಿಯನ್ನು ಒಳಕೋಣೆಯಲ್ಲಿ ಕೂರಿಸಿ ರೋಗಿ ಮಾಡಿದರು. ಅವಳ ಪಾಲಿನ ಕೆಲಸವೆಲ್ಲ ರಶ್ಮಿತಾಳ ತಲೆಗೆ ಬಂತು. ಮದುವೆಯಾಗುವ ಹುಡುಗಿ ಎಂದು ಸೋಮವಾರದ ಉಪವಾಸವೂ ಅವಳಿಗೇ. ಅಮಾವಾಸ್ಯೆಯಂದು ಉಕ್ಕಡಗಾತ್ರಿಗೆ ಹೋಗಿ, ಅಂಕಿತಾಳಿಗೆ ಹೊಳೆಯಲ್ಲಿ ಸ್ನಾನ ಮಾಡಿಸಿ ಅಲ್ಲಿನ ಗದ್ದುಗೆಯ ಅಜ್ಜಯ್ಯನಿಗೆ ಹರಕೆ ಕಟ್ಟಿಕೊಂಡರು. ಬುತ್ತಿಯ ಗಂಟು, ನೀರಿನ ಕ್ಯಾನು, ಎಲ್ಲರ ಒದ್ದೆ ಬಟ್ಟೆ ಹೊತ್ತವಳು ರಶ್ಮಿತಾ. ವಾಪಸು ಬರುವಾಗ ದಾರಿಯುದ್ದಕ್ಕೂ ತಲೆ ಹಿಡಿದುಕೊಂಡೇ ಕೂತಿದ್ದಳು.

"ಏನಾಯ್ತೇ?" ಎಂದಳು ಐಶ್ವರ್ಯ.

"ತಲೆ ಸಿಡೀತೈತೆ ಅತ್ಗೆ. ಮಾತ್ರೆ ನುಂಗಿದ್ರೆ ಹೋಗ್ತೈತೆ."

"ಎಷ್ಟು ನುಂಗ್ತಿ ದಿನಕ್ಕೆ?"

"ಒಂದು. ಒಮ್ಮೊಮ್ಮೆ ಮೂರು."

ಮೂಲೆಯ ಮೆಡಿಕಲ್ ಅಂಗಡಿಯವನಿಗೆ ಚೀಟಿಯೂ ಬೇಕಿರಲಿಲ್ಲ, ಕೇಳಿದಾಗಲೆಲ್ಲ ನೋವಿನ ಮಾತ್ರೆಯ ಪಟ್ಟಿ ಹರಿದು ಕೊಡುತ್ತಿದ್ದ.

ಇಷ್ಟಾದರೂ ಐಶ್ವರ್ಯ ಪತ್ರ ಕೇಳಲಿಲ್ಲ. ಫಲಿತಾಂಶ ನೋಡಬಾರದು ಎಂಬುದು ಕಚೇರಿಯ ನಿಯಮ, ತಾನು ನಿಯಮಸ್ಥೆ ಎಂಬ ಹಮ್ಮು ಅವಳಿಗಿತ್ತು. ಆಮೇಲೆ ಎಷ್ಟೋ ದಿನ ಅವಳು ತನ್ನ ಆ ಹಮ್ಮನ್ನು ತಾನೇ ಶಪಿಸಿಕೊಂಡಳು.

ಶ್ರಾವಣ ಹಿಡಿದ ಮೊದಲ ಸೋಮವಾರ ರಶ್ಮಿತಾ ಅಡಿಗೆಮನೆಯ ನೆಲದಲ್ಲಿ ಕೂತು ಕಾಲುಚೈನು ಬಿಚ್ಚಲು ಒದ್ದಾಡುತ್ತಿದ್ದಳು. ಕೊಕ್ಕೆ ಮಾಂಸದೊಳಗೆ ಹೂತಿತ್ತು. ಐಶ್ವರ್ಯ ಬಿಚ್ಚಿಕೊಟ್ಟು, ಅವಳ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಒಳಗೆ ಹೋಗಿ ಬಿಪಿ ಯಂತ್ರ ತಂದಳು. ರಶ್ಮಿತಾಳದು ನೂರಾ ಎಪ್ಪತ್ತೆರಡು. ಯಂತ್ರ ಕೆಟ್ಟಿರಬೇಕೆಂದು ಒಳಕೋಣೆಗೆ ಹೋಗಿ ಅಂಕಿತಾಳದು ನೋಡಿದಳು. ನೂರಾ ಹತ್ತು. ಕಾಯಿಲೆಯವಳು ನೆಟ್ಟಗಿದ್ದಳು, ನೆಟ್ಟಗಿದ್ದವಳಿಗೆ ಕಾಯಿಲೆಯ ಎಲ್ಲ ಲಕ್ಷಣ ಇದ್ದವು.

ಐಶ್ವರ್ಯ ಕೈಯ ಹಿಟ್ಟನ್ನೂ ಸರಿಯಾಗಿ ತೊಳೆಯದೆ ಆಟೋ ಹತ್ತಿ ಚೌಕಿಪೇಟೆಗೆ ಹೋದಳು.

"ಮಾವ, ಆ ಕಾಗದ ಕೊಡ್ರಿ."

ಕೊಟ್ಟೂರಪ್ಪ ಗಿರಾಕಿಗೆ ಕುಕ್ಕರ್ ತೋರಿಸುತ್ತಿದ್ದರು. "ಅದು ನೀನು ನೋಡಬಾರ್ದು ಅಂತ ನೀನೇ ಹೇಳಿದ್ಯಲ್ಲವ್ವ?"

"ಈಗ ನಾನೇ ಕೇಳ್ತಾ ಇದೀನಿ. ಕೊಡ್ರಿ."

ಅವರು ಬೀಗ ತೆಗೆದರು. ಪತ್ರದಲ್ಲಿ ಮೇಲೆ 'ಜೋಡಿ ೨೧೨, ಅವಳಿ ೧' ಎಂದಿತ್ತು. ಕೆಳಗೆ: 'ನಿಮ್ಮ ಮನೆಯ ಅವಳಿಗಳಲ್ಲಿ ದೊಡ್ಡವರ ಮೂತ್ರದಲ್ಲಿ ಪ್ರೋಟೀನ್ ಅಂಶ ಹೆಚ್ಚಾಗಿದೆ. ಕೂಡಲೇ ಕಿಡ್ನಿ ತಜ್ಞರನ್ನು ಕಾಣಿರಿ. ಉಪ್ಪು ಕಡಿಮೆ ಮಾಡಿರಿ. ನೋವಿನ ಮಾತ್ರೆ ತೆಗೆದುಕೊಳ್ಳಬೇಡಿರಿ.'

ಐಶ್ವರ್ಯ ಮೇಲಿನ ಸಾಲನ್ನು ಮತ್ತೊಮ್ಮೆ ಓದಿದಳು. ಜೋಡಿ ೨೧೨ರ ಫಾರಂ ತುಂಬಿದವಳು ಅವಳೇ. ಹೆರಿಗೆ ಆಸ್ಪತ್ರೆಯ ಹಳೇ ಚೀಟಿ ನೋಡಿ, ಮೊದಲು ಹುಟ್ಟಿದ ರಶ್ಮಿತಾಳನ್ನು ಒಂದು ಎಂದೂ ಹನ್ನೊಂದು ನಿಮಿಷ ಬಿಟ್ಟು ಹುಟ್ಟಿದ ಅಂಕಿತಾಳನ್ನು ಎರಡು ಎಂದೂ ಬರೆದಿದ್ದಳು. ಆದರೆ ಈ ಕಡೆಯ ಎಷ್ಟೋ ಮನೆಗಳಲ್ಲಿ ಅವಳಿಗಳ ಲೆಕ್ಕವೇ ಬೇರೆ. ಚೀಲಕ್ಕೆ ಮೊದಲು ಹಾಕಿದ್ದು ಅಡಿಗೆ ಹೋಗುತ್ತದೆ, ಆಮೇಲೆ ಹಾಕಿದ್ದು ಮೊದಲು ಹೊರಗೆ ಬರುತ್ತದೆ. ಹಾಗೆಯೇ ಹೊಟ್ಟೆಯಲ್ಲಿ ಮೊದಲು ಮೂಡಿದ ಕೂಸು ಹಿಂದೆ ಉಳಿದು ಕೊನೆಗೆ ಹುಟ್ಟುತ್ತದೆ. ಆದ್ದರಿಂದ ಕೊನೆಗೆ ಹುಟ್ಟಿದ್ದೇ ದೊಡ್ಡದು. ಅಂಕಿತಾ ಅಕ್ಕನಾದದ್ದು ಈ ಲೆಕ್ಕದಿಂದ. ಅವಳಿಗಳ ಮನೆಯಲ್ಲೇ ಬೆಳೆದವರಿಗೆ ಗೊತ್ತಿರುವ ಈ ಮಾತು, ಬೆಂಗಳೂರಿನಲ್ಲಿ ಕೂತು ಪತ್ರ ಬರೆದವರಿಗೆ ಗೊತ್ತಿರಲಿಲ್ಲ. ಕೇಳುವ ವ್ಯವಧಾನವೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ.

ಅಂಗಡಿಯಿಂದ ಅವಳು ನೇರ ಕಚೇರಿಗೆ ನಡೆದಳು. ಸಂಯೋಜಕ ರುದ್ರಮುನಿ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಇದನ್ನ ನೀವು ನೋಡಿದ್ದೇ ತಪ್ಪು, ಐಶ್ವರ್ಯ."

"ಹೌದು ಸರ್, ಆರು ವಾರ ತಡವಾಗಿ ನೋಡಿದ್ದು ತಪ್ಪು. ಇಂಥ ಪತ್ರ ಎಷ್ಟು ಮನೆಗೆ ಹೋಗ್ಯಾವೆ?"

ರುದ್ರಮುನಿ ಪತ್ರ ಮಡಚಿ ಅವಳ ಕಡೆ ಸರಿಸಿದರು. ಕಂಪ್ಯೂಟರ್ ಮುಂದೆ ಕೂತಿದ್ದ ಮಹೀನ್, ಹೆಸರುಗಳನ್ನೆಲ್ಲ ಟೈಪ್ ಮಾಡುವವಳು, ತಿರುಗದೆಯೇ ಹೇಳಿದಳು, "ಇಪ್ಪತ್ಮೂರು."

"ಮಹೀನ್, ನಿಮ್ಮನ್ನ ಯಾರೂ ಕೇಳ್ಲಿಲ್ಲ," ಎಂದರು ರುದ್ರಮುನಿ.

"ಇಪ್ಪತ್ಮೂರು ಮನೆಗೂ ಇವತ್ತೇ ಫೋನ್ ಮಾಡಣ ಸರ್. ಮೊದ್ಲು ಹುಟ್ಟಿದೋರು ಅಂತ ಒಂದು ಮಾತು ಹೇಳಿದ್ರೆ ಸಾಕು," ಎಂದಳು ಐಶ್ವರ್ಯ.

"ಹಂಗೆಲ್ಲ ಆಗಲ್ರಿ. ಮುಂದಿನ ತಿಂಗಳು ಸಮಿತಿ ಬರ್ತೈತೆ. ಅವ್ರ ಮುಂದಿಡ್ಬೇಕು, ಅವ್ರು ಒಪ್ಬೇಕು, ಆಮೇಲೆ ತಿದ್ದುಪಡಿ ಪತ್ರ. ಈಗ ಗುಲ್ಲೆದ್ರೆ ಇಡೀ ಯೋಜನೇನೇ ನಿಂತೋಗ್ತೈತೆ. ನಿಮ್ಮ ಮನೆ ವಿಷ್ಯ ನಿಮ್ಗೆ ಗೊತ್ತಾಯ್ತಲ್ಲ, ಮನೇಲಿ ಹೇಳ್ಕಳ್ರಿ. ಉಳಿದ ಮನೆ ತಂಟೆಗೆ ಹೋಗ್ಬ್ಯಾಡ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಐಶ್ವರ್ಯಳ ಮೈ ಉರಿದುಹೋಯಿತು.

"ಹೆಸರು ಹಾಕಿದ್ರೆ ಮುಗೀತಿತ್ತು ಸರ್. ಗುಟ್ಟು ಗುಟ್ಟು ಅಂತ ಯಾರ ಗುಟ್ಟು ಕಾದ್ರಿ ನೀವು?" ಎಂದವಳೇ ಹೊರಟಳು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮನೆಗೆ ಬಂದಿದ್ದರು. ಐಶ್ವರ್ಯ ಪತ್ರವನ್ನು ರೊಟ್ಟಿ ಬುಟ್ಟಿಯ ಪಕ್ಕದಲ್ಲಿಟ್ಟಳು.

"ಕಾಯಿಲೆ ಅಂಕಿತಾಗಲ್ಲ. ರಶ್ಮಿತಾಗೆ."

"ಏನಂತ ಮಾತಾಡ್ತಿ!" ಶಕುಂತಲಮ್ಮ ಸೌಟು ಕುಕ್ಕಿದಳು. "ದೊಡ್ಡಾಕಿ ಅಂತ ಬರ್ದೈತೆ. ದೊಡ್ಡಾಕಿ ಅಂಕಿತಾ. ಹೆತ್ತಾಕಿ ನಾನು, ನಂಗೆ ಹೇಳ್ತೀಯೇನು?"

"ಹೊಟ್ಟೆಯಿಂದ ಮೊದ್ಲು ಬಂದಾಕಿ ಯಾರು, ಅತ್ತೆ?"

"ರಶ್ಮಿತಾ. ಅದಕ್ಕೇ ಅಲ್ಲೇನು ಆಕಿ ಚಿಕ್ಕಾಕಿ ಆಗಿದ್ದು?"

"ನಮ್ಮ ಆಫೀಸಿನಾಗೆ ಮೊದ್ಲು ಬಂದಾಕಿನೇ ದೊಡ್ಡಾಕಿ. ಇದು ರಶ್ಮಿತಾಗೆ ಬಂದ ಕಾಗದ."

ಉಪವಾಸವಿದ್ದ ರಶ್ಮಿತಾ ಗೋಡೆಗೊರಗಿ ನಿಂತಿದ್ದಳು. ನಿಧಾನವಾಗಿ ಜಾರಿ ನೆಲದ ಮೇಲೆ ಕೂತಳು. ಮಗಳನ್ನು ಹಿಡಿಯಲು ಹೋಗಬೇಕಾದ ತಾಯಿಯ ತಲೆ ಆಗಲೂ ಹರಿಹರದ ಕಡೆಗೇ ಓಡಿತು. ಅದನ್ನು ನೆನೆದರೆ ಐಶ್ವರ್ಯಳಿಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

"ಹಂಗಾರೆ ಅಂಕಿತಾಗೆ ಏನೂ ಇಲ್ಲ ಅಂತಾಯ್ತು," ಎಂದಳು ಶಕುಂತಲಮ್ಮ. "ಹರಿಹರಕ್ಕೆ ಆಕಿನ್ನೇ ಕೊಡಣ. ಅವ್ರು ಮೊದ್ಲು ಕೇಳಿದ್ದೂ ಆಕಿನ್ನೇ."

ಅಂಕಿತಾ ಎದ್ದು ನಿಂತಳು.

"ನಾನೇನು ನಿಮ್ಮ ಅಂಗಡಿ ಕೊಡನೇನಮ್ಮ? ಸೋರ್ತೈತೆ ಅಂತ ಒಳಗಿಟ್ರಿ. ಸೋರಲ್ಲ ಅಂತ ಗೊತ್ತಾದ ಕೂಡ್ಲೇ ಒರೆಸಿ ಮುಂದಿಡ್ತೀರೇನು? ಇಕಿನ್ನ ಎಲ್ಲಿಡ್ತೀರಿ ಈಗ? ನಾನು ಕೂತಿದ್ನಲ್ಲ, ಅದೇ ಮೂಲೇಲೇನು?"

"ದನಿ ಇಳಿಸು, ಪಕ್ಕದ ಮನೆಗೆ ಕೇಳತೈತೆ."

"ಕೇಳ್ಲಿ! ಆರು ವಾರದಾಗೆ ಒಂದು ಬಾಟ್ಲಿ ಮೂತ್ರ ಪರೀಕ್ಷೆ ಮಾಡ್ಸಿದ್ರೆ ಗೊತ್ತಾಗ್ತಿತ್ತು. ನಿಮ್ಗೆ ನನ್ನ ಕಿಡ್ನಿನೂ ಬೇಕಿರ್ಲಿಲ್ಲ, ಆಕಿ ಕಿಡ್ನಿನೂ ಬೇಕಿರ್ಲಿಲ್ಲ. ಹರಿಹರದೋರ ಮುಂದೆ ಮುಖ ಉಳಿದ್ರೆ ಸಾಕಾಗಿತ್ತು."

"ಅಮ್ಮಂಗೆ ಹಂಗೆಲ್ಲ ಅನಬ್ಯಾಡ," ಎಂದು ಬಕ್ಕೇಶ್ ಬಾಯಿ ಹಾಕಿದ.

"ನೀನು ನಕ್ಕಿದ್ಯಲ್ಲಣ್ಣ, ಫೋಟೋ ಬದಲಾಯಿಸೋ ತಾಪತ್ರಯ ಇಲ್ಲ ಅಂದಾಗ. ಈಗ್ಲೂ ನಗು."

ಅಷ್ಟು ಹೊತ್ತು ತಟ್ಟೆ ನೋಡುತ್ತ ಕೂತಿದ್ದ ಕೊಟ್ಟೂರಪ್ಪ ಕೈ ತೊಳೆದುಕೊಂಡು ಎದ್ದರು.

"ಶಕುಂತ್ಲಾ, ಇನ್ನೊಂದು ಮಾತಾಡಬ್ಯಾಡ. ಬಕ್ಕೇಶ, ಕಾರು ತೆಗಿ."

ಆ ಮಾತನ್ನು ಪತ್ರ ಬಂದ ದಿನವೇ ಆಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಐಶ್ವರ್ಯ ಅವರ ಮುಖಕ್ಕೇ ಹೇಳಿದಳು. ಅವರು ಕೇಳಿಸಿಕೊಂಡು ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ಕಿಡ್ನಿ ವಿಭಾಗದ ಡಾಕ್ಟರಮ್ಮ ಅಂದೇ ರಶ್ಮಿತಾಳನ್ನು ದಾಖಲು ಮಾಡಿಕೊಂಡರು. ಎರಡು ದಿನ ರಕ್ತ, ಮೂತ್ರ, ಸ್ಕ್ಯಾನು ಎಂದು ನಡೆಯಿತು. ಮೂರನೆಯ ದಿನ ಮನೆಯವರನ್ನೆಲ್ಲ ಕರೆದು ಕೂರಿಸಿದರು.

"ಎರಡೂ ಕಿಡ್ನಿ ಪೂರ್ತಿ ಹೋಗಿಲ್ಲ. ಆದ್ರೆ ಹೋದಷ್ಟು ಇನ್ನು ವಾಪಸ್ ಬರಲ್ಲ. ನೋವಿನ ಮಾತ್ರೆ ನುಂಗಿ ನುಂಗಿ ಹೆಚ್ಚು ಮಾಡ್ಕೊಂಡಿದಾಳೆ. ಜೀವನಪೂರ್ತಿ ಔಷಧಿ ಬೇಕಾಗುತ್ತೆ, ಹುಷಾರಾಗಿರಬೇಕು. ಈ ಪತ್ರ ಬಂದು ಎಷ್ಟು ದಿನ ಆಯ್ತು?"

"ಆರು ವಾರ," ಎಂದರು ಕೊಟ್ಟೂರಪ್ಪ.

"ಆರು ವಾರ ಏನು ಮಾಡ್ತಿದ್ರಿ ನೀವೆಲ್ಲ?"

ಅಂಕಿತಾ ಹೇಳಿದಳು, "ನಾನು ಉಪ್ಪು ಬಿಟ್ಟಿದ್ದೆ, ಮೇಡಂ."

ಶಕುಂತಲಮ್ಮ ಆಗ ಮೊದಲ ಸಲ ಅತ್ತಳು. ಅತ್ತರೂ ಹೊರಗೆ ಬಂದು ಐಶ್ವರ್ಯಳ ಕೈ ಹಿಡಿದು ಕೇಳಿದ್ದು ಒಂದೇ: "ಹರಿಹರದೋರಿಗೆ ಮಾತ್ರ ಗೊತ್ತಾಗಬಾರ್ದು ಕಣವ್ವ." ಐಶ್ವರ್ಯ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಮಂಚದ ಮೇಲಿದ್ದ ರಶ್ಮಿತಾ ಫೋನ್ ಇಸಿದುಕೊಂಡು ಹುಡುಗನ ತಾಯಿಗೆ ತಾನೇ ಹೇಳಿಬಿಟ್ಟಳು. ತನಗೆ ಕಿಡ್ನಿ ಕಾಯಿಲೆ ಇರುವುದು, ಅಕ್ಕನ ಬದಲು ತನ್ನನ್ನು ಕೊಡಲು ಹೊರಟಿದ್ದು, ಎರಡನ್ನೂ. ಆ ಕಡೆಯಿಂದ "ನೋಡಣಮ್ಮ" ಎಂದರು. ಮತ್ತೆ ಅವರ ಫೋನ್ ಬರಲಿಲ್ಲ.

ಶುಕ್ರವಾರ ರಶ್ಮಿತಾಳನ್ನು ಮನೆಗೆ ಕರೆತಂದರು. ಶನಿವಾರ ರುದ್ರಮುನಿಯ ಸಂದೇಶ ಬಂತು. ಸಮಿತಿ ಬಂದುಹೋಗುವ ತನಕ ಐಶ್ವರ್ಯ ಯಾವ ಮನೆಗೂ ಭೇಟಿ ಕೊಡಕೂಡದು. ಅದರ ಹಿಂದೆಯೇ ಮಹೀನ್ ಫೋನ್ ಮಾಡಿದಳು.

"ಪತ್ರ ಹೋದ ಮನೆಗಳ ಪಟ್ಟಿ ಲಾಕ್ ಮಾಡಿಬಿಟ್ಟಾರೆ, ಆಪಾ. ಆದ್ರೆ ಹರಿಹರದ ಫಾರಂ ಎಲ್ಲಾ ತುಂಬಿದೋರು ನೀವೇ ಅಲ್ವಾ? ಮನೆ ನಿಮ್ಗೆ ಗೊತ್ತೈತಲ್ಲ. ಇಲ್ಲಿ ಊರಿನ ಮನೆ ನಾನು ನೋಡ್ತೀನಿ."

ಭಾನುವಾರ ಬೆಳಿಗ್ಗೆ ಐಶ್ವರ್ಯ ಚೀಲ ಹೆಗಲಿಗೇರಿಸಿದಾಗ ಅಂಕಿತಾಳೂ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

"ಕೆಲ್ಸ ಹೋಗ್ತೈತೆ ನಿಂದು," ಎಂದಳು ಬಾಗಿಲಲ್ಲಿ ನಿಂತಿದ್ದ ಶಕುಂತಲಮ್ಮ.

"ಹೋಗ್ಲಿ ಬಿಡ್ರಿ ಅತ್ತೆ. ರಶ್ಮಿತಾಗೆ ಗಂಜಿ ಕೊಡ್ರಿ, ಉಪ್ಪು ಹಾಕಬ್ಯಾಡ್ರಿ. ಈ ಸಲ ಸರಿಯಾದ ಮಗಳಿಗೆ."

ಬಸ್ಸಿನಲ್ಲಿ ಹರಿಹರ ಅರ್ಧ ಗಂಟೆಯ ದಾರಿ. ಮೊದಲ ಮನೆಗೆ ಪತ್ರವೇ ಬಂದಿರಲಿಲ್ಲ. ಎರಡನೆಯದಕ್ಕೆ ಬೀಗ. ಮೂರನೆಯದು ಹೊಳೆಯ ಕಡೆ ಹೋಗುವ ಓಣಿಯಲ್ಲಿದ್ದ ಸುಂಕಲಮ್ಮನ ಮನೆ. ಮೂವತ್ತು ವರ್ಷದ ಅವಳಿ ಗಂಡುಮಕ್ಕಳ ತಾಯಿ. ಇಬ್ಬರೂ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರು. ಆಕೆ ಇವರನ್ನು ಕಂಡು ಚಾಪೆ ಹಾಸಿದಳು.

"ಕೂಡ್ರವ್ವ. ನಿಮ್ಮ ಕಾಗದ ಬಂತು, ಪುಣ್ಯ ಬರ್ತೈತೆ ನಿಮ್ಗೆ. ದೊಡ್ಡೋನಿಗೆ ಎದೇಲಿ ತೊಂದ್ರೆ ಐತೆ, ಭಾರ ಎತ್ತಬಾರ್ದು ಅಂತ ಬರ್ದಿದ್ರಿ. ಒಂದು ತಿಂಗ್ಳಾತು, ಮನೇಲೇ ಕೂಡ್ಸೀವಿ."

ಪಡಸಾಲೆಯ ಮಂಚದ ಮೇಲೆ ಕೂತಿದ್ದ ದಪ್ಪ ತೋಳಿನ ಗಂಡಸು ನಾಚಿಕೆಯಿಂದ ನಕ್ಕ. "ಡಾಕ್ಟ್ರು ಏನೂ ಕಾಣ್ಲಿಲ್ಲ ಅಂದ್ರು, ಮೇಡಂ. ಆದ್ರೂ ಅವ್ವ ಬಿಡವಲ್ಲಳು."

"ಇಬ್ರಲ್ಲಿ ಮೊದ್ಲು ಹುಟ್ಟಿದ್ದು ಯಾರಮ್ಮ?" ಎಂದಳು ಐಶ್ವರ್ಯ.

"ಮೊದ್ಲು ಹುಟ್ಟಿದ್ದು ಚಿಕ್ಕೋನು."

"ಅವ್ನೆಲ್ಲಿ?" ಎಂದಳು ಅಂಕಿತಾ. ಅವಳು ಚಾಪೆಯ ಮೇಲೆ ಕೂತೇ ಇರಲಿಲ್ಲ.

"ಗಿರಣೀಲಿ ಅದಾನೆ. ಅವ್ನಿಗೆ ಏನೂ ಇಲ್ವಲ್ಲವ್ವ," ಎಂದಳು ಸುಂಕಲಮ್ಮ. "ಅದಕ್ಕೇ ಅಣ್ಣನ ಪಾಲಿನ ಮೂಟೆನೂ ಅವ್ನೇ ಹೊರ್ತಾನೆ."